ಡ್ರೈ ಡಾಕ್‌ನಿಂದ ಹೊರಟ ಹಡಗು ನಕ್ಷೆಯಿಂದ ಕಣ್ಮರೆಯಾದರೆ ಏನರ್ಥ?

ನಿಮ್ಮ ಮಗ ಕೆಲಸ ಮಾಡುವ ಕ್ರೂಸ್ ಹಡಗು ಸ್ಪೇನಿನ ಕಾಡಿಜ್‌ನಲ್ಲಿ ಡ್ರೈ ಡಾಕ್ (ನೀರನ್ನು ಹೊರಹಾಕಿ ಹಡಗನ್ನು ದುರಸ್ತಿ ಮಾಡುವ ತೊಟ್ಟಿಯಂಥ ಜಾಗ) ಸೇರಿ, ನವೀಕರಣ ಮುಗಿಸಿಕೊಂಡು ಮಯಾಮಿಗೆ ಹೊರಟಿದೆ ಎಂದು ಬರೆದಿದ್ದೀರಿ. ಮೊದಲು ಹನ್ನೊಂದು ದಿನ ನಕ್ಷೆಯ ಮೇಲಿನ ಚುಕ್ಕಿ ಅಲುಗಲೇ ಇಲ್ಲ, ಹೊರಟ ದಿನ ಹಡಗು ಕಡಲಿನಲ್ಲಿ ಸುತ್ತು ಹೊಡೆಯಿತು, ಆಮೇಲೆ ದಕ್ಷಿಣದ ಮಯಾಮಿಗೆ ಹೋಗಬೇಕಾದದ್ದು ಉತ್ತರಕ್ಕೆ ವಾಲಿತು, ಈಗ ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳನ್ನು ದಾಟಿದ ಮೇಲೆ ಎರಡು ದಿನಗಳಿಂದ ಸುಳಿವೇ ಇಲ್ಲ, ಏನಾದರೂ ಅನಾಹುತವಾಗಿದೆಯೇ ಎಂಬುದು ನಿಮ್ಮ ಪ್ರಶ್ನೆ. ಈ ನಾಲ್ಕರಲ್ಲಿ ಒಂದೂ ಗಾಬರಿಪಡುವಂಥದ್ದಲ್ಲ. ಡ್ರೈ ಡಾಕ್ ಮುಗಿಸಿ ಅಟ್ಲಾಂಟಿಕ್ ದಾಟುವ ಹಡಗು ನಕ್ಷೆಯ ಮೇಲೆ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ನನ್ನ ತಂಗಿ ಕ್ರೂಸ್ ಹಡಗೊಂದರ ಹೌಸ್‌ಕೀಪಿಂಗ್ ವಿಭಾಗದಲ್ಲಿದ್ದಾಳೆ. ಅವಳ ಹಡಗು ಮೊದಲ ಬಾರಿ ಡ್ರೈ ಡಾಕ್‌ಗೆ ಹೋದಾಗ ನಾನೂ ನಿಮ್ಮಂತೆಯೇ ಹಗಲು ರಾತ್ರಿ ಆ ಚುಕ್ಕಿಯನ್ನು ಕಾದವನು. ಆದ್ದರಿಂದ ತಿಳಿದಷ್ಟನ್ನು ವಿವರವಾಗಿ ಬರೆಯುತ್ತೇನೆ.

ಮೆರೈನ್‌ಟ್ರಾಫಿಕ್, ವೆಸೆಲ್‌ಫೈಂಡರ್, ಕ್ರೂಸ್‌ಮ್ಯಾಪರ್ ಮುಂತಾದ ತಾಣಗಳು ಹಡಗನ್ನು ತಾವಾಗಿ ನೋಡುವುದಿಲ್ಲ. ಹಡಗಿನಲ್ಲಿರುವ ಎಐಎಸ್ ಎಂಬ ಉಪಕರಣ ತಾನು ಯಾರು, ಎಲ್ಲಿದ್ದೇನೆ, ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಸಾಗುತ್ತಿದ್ದೇನೆ ಎಂಬುದನ್ನು ವಿಎಚ್‌ಎಫ್ ರೇಡಿಯೊ ತರಂಗಗಳಲ್ಲಿ ಸಾರುತ್ತಲೇ ಇರುತ್ತದೆ. ದಡದಲ್ಲಿರುವ ಯಾವುದಾದರೂ ಆಂಟೆನಾ ಅದನ್ನು ಹಿಡಿದು ಅಂತರ್ಜಾಲಕ್ಕೆ ದಾಟಿಸಿದರೆ ಮಾತ್ರ ನಮಗೆ ಚುಕ್ಕಿ ಕಾಣುತ್ತದೆ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದದ ಪ್ರಕಾರ 2004ರ ಕೊನೆಯಿಂದ ಪ್ರಯಾಣಿಕ ಹಡಗುಗಳಿಗೆ ಈ ಉಪಕರಣ ಕಡ್ಡಾಯವಾಗಿದೆ. ಅದನ್ನು ತಂದದ್ದು ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಿರಲಿ ಎಂದು. ಮನೆಯಲ್ಲಿ ಕುಳಿತವರಿಗೆ ದಾರಿ ತೋರಿಸುವುದು ಅದರ ಮೂಲ ಉದ್ದೇಶವಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಅರ್ಧ ಆತಂಕ ತಾನಾಗಿ ಇಳಿಯುತ್ತದೆ.

ಹಾಗಾಗಿ ಪುಟ ತೆರೆದ ಕೂಡಲೇ ಚುಕ್ಕಿ ಎಲ್ಲಿದೆ ಎಂದು ನೋಡುವ ಮೊದಲು ಆ ಚುಕ್ಕಿ ಎಷ್ಟು ಹಳೆಯದು ಎಂದು ನೋಡಿ. ಹಡಗಿನ ವಿವರದ ಪುಟದಲ್ಲಿ ಕೊನೆಯ ಸಂಕೇತ ಸಿಕ್ಕ ಸಮಯವನ್ನು ಕೊಟ್ಟಿರುತ್ತಾರೆ. ಚಲಿಸುತ್ತಿರುವ ದೊಡ್ಡ ಹಡಗಿನ ಎಐಎಸ್ 2ರಿಂದ 10 ಸೆಕೆಂಡಿಗೊಮ್ಮೆ ತನ್ನ ಸ್ಥಾನವನ್ನು ತಿಳಿಸುತ್ತದೆ. ಕಟ್ಟೆಗೆ ಕಟ್ಟಿದಾಗ ಅಥವಾ ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ. ಸಮಯ ಎರಡು ನಿಮಿಷ ಹಿಂದಿನದಾಗಿದ್ದರೆ ಹಡಗು ನಿಜವಾಗಿಯೂ ಅಲ್ಲಿದೆ. ಎರಡು ದಿನ ಹಿಂದಿನದಾಗಿದ್ದರೆ ನಕ್ಷೆ ನಿಮಗೆ ತೋರಿಸುತ್ತಿರುವುದು ಹಡಗನ್ನಲ್ಲ, ಅದರ ಮಾತು ಕೊನೆಯ ಬಾರಿ ಕೇಳಿಸಿದ ಜಾಗವನ್ನು.

ಹನ್ನೊಂದು ದಿನ ಚುಕ್ಕಿ ಅಲುಗದೆ ಇದ್ದುದಕ್ಕೆ ಕಾರಣ ಸರಳವಾಗಿದೆ. ಡಾಕ್‌ನ ನೀರನ್ನೆಲ್ಲ ಹೊರಹಾಕಿದ ಮೇಲೆ ಹಡಗು ದಿಮ್ಮಿಗಳ ಮೇಲೆ ಕುಳಿತಿರುತ್ತದೆ. ಆ ದಿನಗಳಲ್ಲಿ ಮಾಸ್ತುಗಳಿಗೆ (ಹಡಗಿನ ಎತ್ತರದ ಕಂಬಗಳಿಗೆ) ಬಣ್ಣ ಬಳಿಯುತ್ತಾರೆ, ವಿದ್ಯುತ್ತನ್ನು ವಿಭಾಗವಿಭಾಗವಾಗಿ ಕಡಿತಗೊಳಿಸುತ್ತಾರೆ, ಎಐಎಸ್ ಕೂಡ ಹಲವು ಬಾರಿ ಆರಿರುತ್ತದೆ. ಕಡಲ ನೀರಿನಿಂದ ತಂಪಾಗುವ ಯಂತ್ರಗಳಿಗೆ ನೀರೇ ಇಲ್ಲದ ಕಾರಣ ಹವಾನಿಯಂತ್ರಣವೂ ಸರಿಯಾಗಿ ನಡೆಯುತ್ತಿರಲಿಲ್ಲ ಎಂದು ತಂಗಿ ಹೇಳುತ್ತಿದ್ದಳು. ಕಾರಿಡಾರ್‌ಗಳ ಕಾರ್ಪೆಟ್ ಕಿತ್ತು ಹಾಕಿದ್ದರು. ಎಲ್ಲಿ ನೋಡಿದರೂ ಹೊಸ ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆ ಮತ್ತು ವೆಲ್ಡಿಂಗ್ ವಾಸನೆ. ಎರಡು ವಾರ ಕಾಲಡಿಯ ನೆಲ ಒಂದಿಷ್ಟೂ ಅಲುಗಿರಲಿಲ್ಲವಂತೆ. ಡಾಕ್‌ಗೆ ಮತ್ತೆ ನೀರು ಬಿಟ್ಟ ರಾತ್ರಿ, ಟೇಬಲ್ ಮೇಲಿಟ್ಟ ಲೋಟದ ನೀರು ತುಸು ವಾಲಿದ್ದನ್ನು ಕಂಡು ಕ್ಯಾಬಿನ್ನಿನ ಇಬ್ಬರೂ ಒಟ್ಟಿಗೆ ಎದ್ದು ಕುಳಿತರಂತೆ. ಅದೇ ರಾತ್ರಿ ನನ್ನ ಪರದೆಯಲ್ಲಿ ಚುಕ್ಕಿ ಇನ್ನೂ ಹಳೆಯ ಜಾಗದಲ್ಲೇ ಇತ್ತು. ಮಾರನೆಯ ಮಧ್ಯಾಹ್ನ ಅದು 3 ನಾಟ್ (ಗಂಟೆಗೆ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್) ವೇಗದಲ್ಲಿ, ಹಡಗನ್ನು ಎಳೆಯುವ ಟಗ್ ದೋಣಿಗಳ ನಡುವೆ, ಡಾಕ್‌ನ ಬಾಗಿಲು ದಾಟಿತು.

ಇನ್ನು ಆ ಸುತ್ತುಗಳ ವಿಚಾರ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು, ಏಕೆಂದರೆ ಹಡಗು ಏನನ್ನು ಪರೀಕ್ಷಿಸಿಕೊಳ್ಳುತ್ತಿದೆ ಎಂಬುದನ್ನು ಅದರ ಜಾಡನ್ನು ನೋಡಿಯೇ ಬಹುಮಟ್ಟಿಗೆ ಊಹಿಸಬಹುದು. ಪ್ರೊಪೆಲರ್, ಚುಕ್ಕಾಣಿ ಅಥವಾ ಎಂಜಿನ್ನಿನ ಕೆಲಸ ನಡೆದಿದ್ದರೆ ಡಾಕ್‌ನಿಂದ ಹೊರಬಂದ ಹಡಗನ್ನು ತೆರೆದ ಕಡಲಿಗೆ ಒಯ್ದು ಪರೀಕ್ಷಾರ್ಥ ಓಡಿಸುತ್ತಾರೆ. ಜಾಡಿನಲ್ಲಿ ಒಂದೇ ಸಾಲಿನ ಮೇಲೆ ಹೋಗಿ ಅದೇ ಸಾಲಿನಲ್ಲಿ ಹಿಂದಿರುಗಿದ ಉದ್ದ ಗೆರೆಗಳಿದ್ದು, ಎರಡೂ ಕಡೆ ವೇಗ 20 ನಾಟ್ ಆಸುಪಾಸಿನಲ್ಲಿದ್ದರೆ ಅದು ವೇಗದ ಪರೀಕ್ಷೆ. ಗಾಳಿ ಮತ್ತು ಪ್ರವಾಹದ ಪರಿಣಾಮವನ್ನು ಕಳೆಯಲೆಂದೇ ಎರಡು ದಿಕ್ಕಿನಲ್ಲಿ ಓಡಿಸುತ್ತಾರೆ. ವೇಗ 20ರಿಂದ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಇಳಿದಿದ್ದರೆ ಅದು ತುರ್ತಾಗಿ ನಿಲ್ಲಿಸುವ ಪರೀಕ್ಷೆಯಾಗಿರಬಹುದು, ಕೆಟ್ಟು ನಿಂತಿತೆಂದು ಹೆದರಬೇಕಾಗಿಲ್ಲ. ವೇಗದಲ್ಲಿದ್ದಾಗಲೇ ದೊಡ್ಡ ದುಂಡನೆಯ ಸುತ್ತು ಹೊಡೆದಿದ್ದರೆ ಚುಕ್ಕಾಣಿಯ ಪರೀಕ್ಷೆ. ನಿಧಾನವಾಗಿ, ಪ್ರತಿ ದಿಕ್ಕಿನಲ್ಲೂ ಸ್ವಲ್ಪ ಹೊತ್ತು ನೇರವಾಗಿ ಸಾಗಿ ಮತ್ತೆ ತಿರುಗುತ್ತ, ಎಂಟು ಮೂಲೆಯ ಆಕೃತಿ ಮೂಡಿಸಿದ್ದರೆ ಕಾಂತೀಯ ದಿಕ್ಸೂಚಿಯನ್ನು ಸರಿಪಡಿಸುತ್ತಿದ್ದಾರೆ ಎಂದರ್ಥ. ವಾರಗಟ್ಟಲೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತು, ಹೊಸ ಉಕ್ಕಿನ ತುಂಡುಗಳನ್ನೂ ಸೇರಿಸಿಕೊಂಡ ಹಡಗಿನ ಕಾಂತತ್ವವೇ ಬದಲಾಗಿರುತ್ತದೆ. ಆದ್ದರಿಂದ ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ನೀವು ವಿವರಿಸಿದ ನಿಧಾನಗತಿಯ ಸುತ್ತು ಬಹುಶಃ ಇದೇ. ಇವೆಲ್ಲಕ್ಕಿಂತ ಬೇರೆಯಾದದ್ದು ಲಂಗರು ಹಾಕಿದ ಹಡಗಿನ ಜಾಡು: ವೇಗ ಅರ್ಧ ನಾಟ್‌ಗಿಂತಲೂ ಕಡಿಮೆ, ಚುಕ್ಕಿಗಳು ಸಣ್ಣ ಕಮಾನಿನಂತೆ ಒಂದೇ ಕಡೆ ಗುಂಪುಗೂಡಿರುತ್ತವೆ, ಏಕೆಂದರೆ ಗಾಳಿ ಮತ್ತು ಉಬ್ಬರವಿಳಿತಕ್ಕೆ ತಕ್ಕಂತೆ ಹಡಗು ಲಂಗರಿನ ಸುತ್ತ ಹೊರಳುತ್ತಿರುತ್ತದೆ.

ಹಡಗನ್ನು ಹೆಸರಿನಿಂದ ಹುಡುಕುತ್ತಿದ್ದರೆ ಇಂದೇ ಅದನ್ನು ಬಿಟ್ಟು ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಏಳು ಅಂಕಿಗಳ ಈ ಸಂಖ್ಯೆ ಹಡಗು ಕಟ್ಟಿದಾಗಿನಿಂದ ಒಡೆಯುವವರೆಗೂ ಬದಲಾಗುವುದಿಲ್ಲ. ನವೀಕರಣದ ಸಮಯದಲ್ಲಿ ಹೆಸರು ಬದಲಾಗುವುದು ಅಪರೂಪವೇನಲ್ಲ: ಕಾರ್ನಿವಲ್ ಡೆಸ್ಟಿನಿ 2013ರಲ್ಲಿ ಕಾರ್ನಿವಲ್ ಸನ್‌ಶೈನ್ ಆಯಿತು, ಕಾರ್ನಿವಲ್ ಟ್ರಯಂಫ್ 2019ರಲ್ಲಿ ಕಾಡಿಜ್‌ನಲ್ಲೇ ಕಾರ್ನಿವಲ್ ಸನ್‌ರೈಸ್ ಆಗಿ ಹೊರಬಂತು. ಹಳೆಯ ಹೆಸರಿನಲ್ಲಿ ಹುಡುಕಿದವರಿಗೆ ಹಡಗೇ ಇಲ್ಲವಾದಂತೆ ಕಂಡಿರಬಹುದು. ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಗಳ ಇನ್ನೊಂದು ಸಂಖ್ಯೆಯೂ ಇರುತ್ತದೆ, ಆದರೆ ಹಡಗು ನೋಂದಣಿಯ ದೇಶವನ್ನು ಬದಲಿಸಿದರೆ ಅದೂ ಬದಲಾಗುತ್ತದೆ. ಐಎಂಒ ಸಂಖ್ಯೆಯನ್ನು ಸರಿಯಾಗಿ ಬರೆದುಕೊಂಡಿದ್ದೀರಾ ಎಂದು ಪರೀಕ್ಷಿಸಲು ಒಂದು ಸೊಗಸಾದ ಲೆಕ್ಕವಿದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ ಬರುವ ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ. ಕ್ವೀನ್ ಮೇರಿ 2 ಹಡಗಿನ ಸಂಖ್ಯೆ 9241061. ಲೆಕ್ಕ ಹಾಕಿದರೆ 63, 12, 20, 4, 0, 12, ಒಟ್ಟು 111. ಕೊನೆಯ ಅಂಕಿ 1.

ಪುಟದಲ್ಲಿರುವ ಮಾಹಿತಿಯಲ್ಲೂ ಎರಡು ಬಗೆಗಳಿವೆ ಎಂಬುದನ್ನು ಗಮನಿಸಬೇಕು. ಸ್ಥಾನ, ವೇಗ, ದಿಕ್ಕು ಇವು ಉಪಕರಣ ತಾನಾಗಿ ಪಡೆದು ಕಳುಹಿಸುವ ವಿವರಗಳು. ಮುಂದಿನ ಬಂದರು, ತಲುಪುವ ಸಮಯ, ಹಡಗು ನೀರಿನಲ್ಲಿ ಎಷ್ಟು ಆಳ ಇಳಿದಿದೆ ಎಂಬ ಲೆಕ್ಕ, ‘ಕಟ್ಟೆಗೆ ಕಟ್ಟಿದೆ’ ಅಥವಾ ‘ಚಲಿಸುತ್ತಿದೆ’ ಎಂಬ ಸ್ಥಿತಿ ಇವೆಲ್ಲವನ್ನೂ ಹಡಗಿನ ಅಧಿಕಾರಿ ಕೈಯಾರೆ ನಮೂದಿಸಬೇಕು. ಡಾಕ್‌ನಿಂದ ಹೊರಡುವ ಗಡಿಬಿಡಿಯಲ್ಲಿ ಅವರು ಅದನ್ನು ಬದಲಿಸದೆ ಇರಬಹುದು. 18 ನಾಟ್ ವೇಗದಲ್ಲಿ ಓಡುತ್ತಿರುವ ಹಡಗು ‘ಕಟ್ಟೆಗೆ ಕಟ್ಟಿದೆ’ ಎಂದು ಹೇಳಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಎರಡರ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಯಂತ್ರ ಹೇಳಿದ್ದನ್ನು ನಂಬಿ. ಮುಂದಿನ ಬಂದರಿನ ಜಾಗದಲ್ಲಿ ನೀವು ಕಂಡ ‘ಯುಎಸ್ಎಂಐಎ’ ಎಂಬ ಅಕ್ಷರಗಳು ಬಂದರುಗಳಿಗೆ ವಿಶ್ವಸಂಸ್ಥೆ ಕೊಟ್ಟಿರುವ ಐದಕ್ಷರದ ಸಂಕೇತ: ಮೊದಲ ಎರಡು ದೇಶಕ್ಕೆ, ಉಳಿದ ಮೂರು ಮಯಾಮಿಗೆ. ತಲುಪುವ ಸಮಯ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ಮಯಾಮಿಯ ಗಡಿಯಾರ ಬೇಸಿಗೆಯಲ್ಲಿ ಅದಕ್ಕಿಂತ 4 ಗಂಟೆ, ಚಳಿಗಾಲದಲ್ಲಿ 5 ಗಂಟೆ ಹಿಂದಿರುತ್ತದೆ. ಪುಟದ ಮೇಲಿರುವ ಫೋಟೊಗಳು ಹೆಚ್ಚಾಗಿ ನವೀಕರಣಕ್ಕೂ ಮುಂಚಿನವು, ಹಾಗಾಗಿ ಬಣ್ಣ ಬೇರೆಯಿದ್ದರೆ ಬೇರೆ ಹಡಗೆಂದು ತಿಳಿಯಬೇಡಿ.

ಉತ್ತರಕ್ಕೆ ವಾಲಿದ್ದು ಭೂಮಿ ದುಂಡಗಿರುವುದರಿಂದ. ಕಾಡಿಜ್‌ನಿಂದ ಮಯಾಮಿಗೆ ಅತಿ ಹತ್ತಿರದ ದಾರಿ ಸುಮಾರು 3,800 ನಾಟಿಕಲ್ ಮೈಲಿ. ಅದು ಮೊದಲು ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ಏರಿ, ಅಜೋರ್ಸ್ ಬಳಿ ಹಾದು, ಆಮೇಲೆ ದಕ್ಷಿಣಕ್ಕೆ ಬಾಗುತ್ತದೆ. ಚಪ್ಪಟೆ ನಕ್ಷೆಯಲ್ಲಿ ಅದು ಕಮಾನಿನಂತೆ ಕಾಣುತ್ತದೆ. ಹವಾಮಾನ ಕೆಟ್ಟಿದ್ದರೆ ಕ್ಯಾಪ್ಟನ್ ಇದನ್ನು ಬಿಟ್ಟು ದಕ್ಷಿಣದ ದಾರಿಯನ್ನೂ ಹಿಡಿಯಬಹುದು.

ಅಜೋರ್ಸ್ ದಾಟಿದ ಮೇಲೆ ಸಂಕೇತ ನಿಂತದ್ದೇಕೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ವಿಎಚ್‌ಎಫ್ ತರಂಗಗಳು ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಹೋಗುತ್ತವೆ. ದಡದ ಎತ್ತರದ ಆಂಟೆನಾ ಕೂಡ ಸಾಮಾನ್ಯವಾಗಿ ಕೆಲವು ಹತ್ತು ನಾಟಿಕಲ್ ಮೈಲಿಗಳಾಚೆ ಕೇಳಲಾರದು. ಅಜೋರ್ಸ್‌ನ ಆಂಟೆನಾಗಳ ವ್ಯಾಪ್ತಿ ಮುಗಿದ ಬಳಿಕ ಆ ದಾರಿಯ ಬಹುಪಾಲಿನಲ್ಲಿ ಕೇಳುವವರು ಉಪಗ್ರಹಗಳು ಮಾತ್ರ. ಆ ಮಾಹಿತಿಗೆ ಈ ತಾಣಗಳು ಹಣ ಕೇಳುತ್ತವೆ, ಉಚಿತ ನಕ್ಷೆಯಲ್ಲಿ ತೋರಿಸುವುದಿಲ್ಲ. ಒಂದು ತಿಂಗಳ ಚಂದಾ ಕಟ್ಟಿದರೆ ನಡುಗಡಲಿನ ಚುಕ್ಕಿಯೂ ಸಿಗುತ್ತದೆ, ಆದರೆ ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯವಿಲ್ಲ. ಒಂದು ಗುಣಾಕಾರ ಸಾಕು.

ಕೊನೆಯ ಸಂಕೇತದಲ್ಲಿ ವೇಗ 19 ನಾಟ್ ಇತ್ತು ಎಂದು ಬರೆದಿದ್ದೀರಿ. ಅಂದರೆ ದಿನಕ್ಕೆ 456 ನಾಟಿಕಲ್ ಮೈಲಿ. ಅಜೋರ್ಸ್‌ನಿಂದ ಮಯಾಮಿಗೆ ಸುಮಾರು 2,800 ಮೈಲಿ, ಆರು ದಿನಕ್ಕೂ ತುಸು ಹೆಚ್ಚು. ಎರಡು ದಿನ ಕಳೆದಿರುವುದರಿಂದ ಹಡಗು ಈಗ ಹತ್ತಿರದ ನೆಲದಿಂದ ನೂರಾರು ಮೈಲಿ ದೂರದಲ್ಲಿರಬೇಕು, ಬರ್ಮುಡಾ ದ್ವೀಪದ ಬಳಿ ಹಾದಾಗ ಒಮ್ಮೆ ಕೇಳಿಸಿದರೂ ಕೇಳಿಸಬಹುದು, ಇಲ್ಲವಾದರೆ ಇನ್ನೂ ಮೂರು ದಿನದ ಮಟ್ಟಿಗೆ ಮೌನವಾಗಿಯೇ ಇರಬೇಕು. ಆ ನಡುವೆ ಹಡಗಿನೊಳಗೆ ಕೆಲಸ ನಿಂತಿರುವುದಿಲ್ಲ. ಡಾಕ್‌ನಲ್ಲಿ ಮುಗಿಯದ ಬಡಗಿ ಕೆಲಸ, ಬಣ್ಣ, ಕಾರ್ಪೆಟ್ ಮುಂತಾದವನ್ನು ಮುಗಿಸಲು ಗುತ್ತಿಗೆ ಕೆಲಸಗಾರರು ಜೊತೆಯಲ್ಲೇ ಪಯಣಿಸುವುದುಂಟು. ತಂಗಿ ಅಂಥ ಒಂದು ಪಯಣದಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕ್ಯಾಬಿನ್‌ಗಳ ಧೂಳು ಒರೆಸಿದ್ದಳು. ಐದು ದಿನ ಒಂದು ಸಂದೇಶವೂ ಬರಲಿಲ್ಲ. ನಿಮ್ಮ ಮಗನ ಮೌನಕ್ಕೂ ಇದೇ ಕಾರಣವಿದ್ದೀತು.

ನಿಜವಾಗಿ ತೊಂದರೆಯಾದಾಗ ಜಾಡು ಬೇರೆ ರೀತಿ ಕಾಣುತ್ತದೆ. 2019ರ ಏಪ್ರಿಲ್ 1ರಂದು ಬಹಾಮಾಸ್‌ನ ಫ್ರೀಪೋರ್ಟ್‌ನಲ್ಲಿ ಡಾಕ್‌ನಲ್ಲಿದ್ದ ಓಯಸಿಸ್ ಆಫ್ ದಿ ಸೀಸ್ ಮೇಲೆ ಕ್ರೇನ್ ಕುಸಿದು ಬಿತ್ತು. ಆ ಹಡಗು ಯಾರ ಕಣ್ಣಿಗೂ ಮರೆಯಾಗಲಿಲ್ಲ. ಸುದ್ದಿ ಬಂತು, ಪ್ರಯಾಣಗಳು ರದ್ದಾದವು, ದುರಸ್ತಿಗಾಗಿ ಅದು ಅಟ್ಲಾಂಟಿಕ್ ದಾಟಿ ಕಾಡಿಜ್‌ಗೆ ಹೋಯಿತು. ಕಂಪನಿಯ ತಾಣದಲ್ಲಿ ಮುಂದಿನ ಪ್ರಯಾಣದ ದಿನಾಂಕ ಬದಲಾಗದೆ ಇದ್ದರೆ ಅದನ್ನು ಒಳ್ಳೆಯ ಸೂಚನೆಯೆಂದೇ ತಿಳಿಯಿರಿ.

ನೀವು ಈಗ ಮಾಡಬೇಕಾದುದು ಇಷ್ಟು: ತಾಣದಲ್ಲಿ ಖಾತೆ ತೆರೆದು, ಐಎಂಒ ಸಂಖ್ಯೆಯಿಂದ ಹಡಗನ್ನು ನಿಮ್ಮ ಪಟ್ಟಿಗೆ ಸೇರಿಸಿ, ಮಯಾಮಿ ತಲುಪಿದಾಗ ಮಿಂಚಂಚೆ ಬರುವಂತೆ ಎಚ್ಚರಿಕೆ ಇಟ್ಟುಕೊಳ್ಳಿ. ಬಹಾಮಾಸ್ ದ್ವೀಪಗಳ ಹತ್ತಿರ ಬರುತ್ತಿದ್ದಂತೆ ಅಲ್ಲಿನ ಆಂಟೆನಾಗಳು ಸಂಕೇತವನ್ನು ಹಿಡಿಯುತ್ತವೆ, ಚುಕ್ಕಿ ಒಮ್ಮೆಲೇ ಸಾವಿರಾರು ಮೈಲಿ ಜಿಗಿದಂತೆ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮಯಾಮಿಗೆ ಒಂದು ರಾತ್ರಿಯ ದಾರಿ ಉಳಿದಿರುತ್ತದೆ. ಕ್ರೂಸ್ ಹಡಗುಗಳು ಸಾಮಾನ್ಯವಾಗಿ ನಸುಕಿನಲ್ಲಿ ಬಂದರಿನೊಳಗೆ ದಾರಿ ತೋರಿಸುವ ಪೈಲಟ್‌ನನ್ನು ಹತ್ತಿಸಿಕೊಂಡು ಗವರ್ನಮೆಂಟ್ ಕಟ್ ಎಂಬ ಕಾಲುವೆಯ ಮೂಲಕ ಒಳಬರುತ್ತವೆ, ಆ ಕಾಲುವೆಯನ್ನು ನೇರ ಪ್ರಸಾರ ಮಾಡುವ ವೆಬ್‌ಕ್ಯಾಮ್‌ಗಳಿವೆ. ಚುಕ್ಕಿಯ ವೇಗ 8 ನಾಟ್ ಹತ್ತಿರಕ್ಕೆ ಇಳಿದು ಅದು ಕಾಲುವೆಯ ಬಾಯಿಗೆ ಬಂದಾಗ ವೆಬ್‌ಕ್ಯಾಮ್ ತೆರೆಯಿರಿ; ಮೊದಲು ಕಾಣುವುದು ದೀಪಗಳ ಸಾಲು, ಬೆಳಕು ಹರಿದ ಮೇಲೆ ಕಲೆಯಿಲ್ಲದ ಹೊಸ ಬಿಳಿ ಬಣ್ಣ. ತಂಗಿಯ ಹಡಗನ್ನು ನಾನು ಹಾಗೆ ನೋಡುತ್ತಿದ್ದಾಗಲೇ ಅವಳ ಫೋನಿಗೆ ದಡದ ನೆಟ್‌ವರ್ಕ್ ಸಿಕ್ಕಿ, ಐದು ದಿನಗಳಿಂದ ತಡೆದಿದ್ದ ಸಂದೇಶಗಳೆಲ್ಲ ಒಂದರ ಹಿಂದೊಂದು ಬಂದವು.