ಮಿಕ್ಸ್ತ್ ಫ್ರೇಮ್ ಅಂದರೆ ಲೇಡೀಸ್ ಸೈಕಲ್ಲೇ ಅಲ್ಲವೇ? ಹಳೆಯದನ್ನು ಜನ ಯಾಕೆ ಹುಡುಕಿಕೊಂಡು ಹೋಗುತ್ತಾರೆ?

ಎರಡೂ ಒಂದೇ ಅಲ್ಲ. ನಾವು ಲೇಡೀಸ್ ಸೈಕಲ್ ಅನ್ನುವುದರಲ್ಲಿ ಮೇಲಿನ ಬಾರನ್ನು ಇಳಿಸಿ ಸೀಟಿನ ಕೊಳವೆಯ ಕೆಳಭಾಗಕ್ಕೆ ಬೆಸೆದಿರುತ್ತಾರೆ. ಸೀರೆ, ಲಂಗ ಉಟ್ಟವರು ಕಾಲೆತ್ತದೆ ಹತ್ತಬಹುದು. ಆದರೆ ಫ್ರೇಮಿಗೆ ಬಲ ಕೊಡುವ ಕೊಳವೆಗಳ ತ್ರಿಕೋನ ಕೆಡುವುದರಿಂದ ಏರಿನಲ್ಲಿ ಒತ್ತಿ ತುಳಿದರೆ ಫ್ರೇಮ್ ತಿರುಚಿಕೊಳ್ಳುತ್ತದೆ.

ಫ್ರೆಂಚರ ಮಿಕ್ಸ್ತ್ ಇದಕ್ಕೆ ಕೊಟ್ಟ ಪರಿಹಾರ ನೋಡಲೇಬೇಕಾದ್ದು. ಒಂದು ದಪ್ಪ ಬಾರಿನ ಬದಲು ಕಿರುಬೆರಳಿನಷ್ಟು ತೆಳ್ಳಗಿನ ಎರಡು ಕೊಳವೆಗಳು ಹ್ಯಾಂಡಲ್ ಬುಡದಿಂದ ಹೊರಟು, ಸೀಟಿನ ಕೊಳವೆಯ ಎಡಬಲಕ್ಕೆ ಹಾದು, ನೇರ ಹಿಂಚಕ್ರದ ಆಕ್ಸಲ್‌ವರೆಗೆ ಓಡುತ್ತವೆ. ಅಲ್ಲಿ ಪ್ರತಿ ಬದಿಗೂ ಎರಡರ ಬದಲು ಮೂರು ಕೊಳವೆ ಸೇರುವುದರಿಂದ ಹಿಂಭಾಗ ಗಟ್ಟಿ. ಪಕ್ಕದಿಂದ ನೋಡಿದರೆ ಆ ಜೋಡಿಗೆರೆ ಎಲ್ಲೂ ತುಂಡಾಗದೆ ಇಳಿದು ಹೋಗುತ್ತದೆ. ನನ್ನ ಕಣ್ಣಿಗೆ ಸೈಕಲ್ಲಿನಲ್ಲಿ ಇದಕ್ಕಿಂತ ಚೆಂದದ ಗೆರೆಯಿಲ್ಲ. ಮಿಕ್ಸ್ತ್ ಅಂದರೆ ಫ್ರೆಂಚಿನಲ್ಲಿ ಗಂಡು ಹೆಣ್ಣು ಇಬ್ಬರಿಗೂ ಸಲ್ಲುವುದು ಎಂದರ್ಥ. 1970ರ ದಶಕದ ಫ್ರೆಂಚ್ ಕಂಪನಿ ಪ್ಯೂಜೋದ ಯುಓ-18 ಮಾದರಿ ಹೀಗೇ, ಗಂಡಸರ ಯುಓ-8ರ ಜೋಡಿ, ಅದರಂತೆಯೇ ಹತ್ತು ಗೇರು. ಮಂಡಿನೋವಿರುವವರಿಗೆ, ಕ್ಯಾರಿಯರ್ ತುಂಬ ಸಾಮಾನು ಹೇರುವವರಿಗೆ ಇಂದಿಗೂ ಹೇಳಿ ಮಾಡಿಸಿದ ಸೈಕಲ್.

ಕೊಳ್ಳುವುದಾದರೆ ಒಂದು ಮಾತು: ಹಳೇ ಫ್ರೆಂಚ್ ಸೈಕಲ್ಲಿನ ಹ್ಯಾಂಡಲ್ ಕಾಂಡ (ಹ್ಯಾಂಡಲನ್ನು ಹಿಡಿದು ಫ್ರೇಮಿನ ಮುಂದೆ ಒಳಗಿಳಿಯುವ ಕೊಳವೆ) 22 ಮಿ.ಮೀ. ದಪ್ಪ, ಈಗ ಸಾಮಾನ್ಯವಾಗಿ ಸಿಗುವುದು 22.2. ಹೊಸದನ್ನು ಬಲವಂತವಾಗಿ ತುರುಕಬೇಡಿ, ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸಿ.