ಐದೇ ದಿನ ಕರೆಂಟ್ ಅಂದ್ರೆ ಕೈಬಿಟ್ರು ಅಂತಲ್ಲ

ಹಾಸನ ಕಡೆಯ ಓದುಗರೊಬ್ರು ಬರೆದಿದಾರೆ. ಅವರ ತಂದೆಗೆ ಎಪ್ಪತ್ತು ದಾಟಿದೆ, ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಮೂಳೆಗೂ ಹರಡಿದೆ, ಕೆಮ್ಮಿದ್ರೆ ರಕ್ತ ಬರ್ತಿದೆ. ಡಾಕ್ಟ್ರು ಐದು ದಿನ ಕರೆಂಟ್, ಅಂದ್ರೆ ರೇಡಿಯೇಷನ್ ಕಿರಣ, ಕೊಡ್ತೀವಿ ಅಂದ್ರಂತೆ, ಜೊತೆಗೆ ಕೂತಿದ್ದ ಇನ್ನೊಬ್ರಿಗೆ ಮೂವತ್ತು ದಿನ. "ನಮ್ಮ ಹತ್ರ ದುಡ್ಡಿಲ್ಲ ಅಂತ ಕಮ್ಮಿ ಮಾಡಿದ್ರಾ? ವಾಸಿನೇ ಆಗಲ್ಲ ಅಂದ್ಮೇಲೆ ಆ ಐದು ದಿನಾನಾದ್ರೂ ಯಾಕೆ ಅಲೆಸ್ಬೇಕು?" ಅಂತ ಅವರ ಪ್ರಶ್ನೆ.

ನೋಡಿ, ನಿಮ್ಮ ಪತ್ರ ಓದಿ ಸಂಕಟ ಆಯ್ತು, ಯಾಕಂದ್ರೆ ಇದೇ ಅನುಮಾನ ನಮ್ಮನೇಲೂ ಬಂದಿತ್ತು. ಮೂವತ್ತು ದಿನ ಕೊಡೋದು ಸಾಮಾನ್ಯವಾಗಿ ಗಡ್ಡೆ ಎದೆಯೊಳಗೇ ಇದ್ದು ಅದನ್ನ ಪೂರ್ತಿ ಸುಡೋ ಆಸೆ ಇರುವಾಗ. ವಾರಕ್ಕೆ ಐದು ದಿನದ ಹಾಗೆ ಆರು ವಾರ, ದಿನಕ್ಕೆ 2 ಗ್ರೇ (ಕಿರಣದ ಡೋಸ್ ಅಳೆಯೋ ಮಾನ), ಒಟ್ಟು 60. ನಿಮ್ಮ ತಂದೆಯವರಂಥವರಿಗೆ ಐದು ದಿನಕ್ಕೆ ಒಟ್ಟು 20 ಕೊಡೋದು ರೂಢಿ, ಅಂದ್ರೆ ದಿನಕ್ಕೆ 4 ಗ್ರೇ. ದಿನದ ಡೋಸ್ ಕಮ್ಮಿ ಅಲ್ಲ, ಡಬಲ್ಲು! ಇಲ್ಲಿ ಉದ್ದೇಶಾನೇ ಬೇರೆ, ರಕ್ತ ನಿಲ್ಬೇಕು, ನೋವು ತಗ್ಗಬೇಕು, ಉಸಿರಾಟ ಸಲೀಸಾಗ್ಬೇಕು, ಮನುಷ್ಯ ಆಸ್ಪತ್ರೆ ಬೆಂಚಿನ ಮೇಲಲ್ಲ, ಮನೇಲಿ ಇರ್ಬೇಕು.

ಇದು ಬಡವರಿಗೆ ಅಂತ ಮಾಡಿರೋ ಲೆಕ್ಕ ಅಲ್ಲ. 1991ರಲ್ಲೇ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಒಂದು ಅಧ್ಯಯನ ಪ್ರಕಟಿಸ್ತು, ವಾರದ ಅಂತರದಲ್ಲಿ ಎರಡೇ ಸಲ ಕೊಟ್ಟವರಿಗೂ ಹತ್ತು ಸಲದಂತೆ ಕೊಟ್ಟವರಿಗೂ ಕೆಮ್ಮು, ರಕ್ತ, ಎದೆನೋವು ಹೆಚ್ಚುಕಮ್ಮಿ ಒಂದೇ ಥರ ಇಳೀತು. ಆದ್ರೆ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿರೋರಿಗೆ ಇನ್ನೊಂದಿಷ್ಟು ದಿನ ಜಾಸ್ತಿ ಕೊಟ್ರೆ ಆಯಸ್ಸಿಗೂ ಸ್ವಲ್ಪ ಅನುಕೂಲ ಅಂತ ಆಮೇಲಿನ ಅಧ್ಯಯನದಲ್ಲಿ ಕಂಡಿದೆ. ಡಾಕ್ಟ್ರು "ಯಜಮಾನ್ರು ಅವರೇ ಎದ್ದು ಸ್ನಾನ ಮಾಡ್ತಾರಾ, ಎಷ್ಟು ಹೊತ್ತು ಮಲಗಿರ್ತಾರೆ" ಅಂತ ಕೇಳೋದು ಅದಕ್ಕೇನೇ. ಉತ್ತರ ಸರಿಯಾಗಿ ಹೇಳಿ, ಮುಚ್ಚಿಡ್ಬೇಡಿ.

ನಮ್ಮ ಸೋದರತ್ತೆಗೆ ಸೊಂಟದ ಮೂಳೆಗೆ ಒಂದೇ ಒಂದು ದಿನ ಕೊಟ್ಟಿದ್ರು, 8 ಗ್ರೇ. ಮೊದಲ ಎರಡು ದಿನ ನೋವು ಏರ್ತು, ನಾವೆಲ್ಲ ಡಾಕ್ಟ್ರನ್ನ ಬೈದ್ವಿ, ಮೂರನೇ ವಾರಕ್ಕೆ ಅವರೇ ಎದ್ದು ಅಡಿಗೆಮನೆಗೆ ಬಂದ್ರು. ಎಲ್ರಿಗೂ ಹೀಗೇ ಆಗುತ್ತೆ ಅಂತ ಹೇಳಲ್ಲ, ಮೂಳೆನೋವು ತಗ್ಗೋದು ಸುಮಾರು ಹತ್ರಲ್ಲಿ ಆರು ಜನಕ್ಕೆ, ಒಂದೇ ದಿನ ಕೊಟ್ಟವರಲ್ಲಿ ಕೆಲವರಿಗೆ ಮತ್ತೊಮ್ಮೆ ಕೊಡ್ಬೇಕಾಗುತ್ತೆ.

ಎದೆಗೆ ಕೊಟ್ಟಾಗ ಮೊದಲ ದಿನ ಚಳಿಜ್ವರ, ಎದೆ ಹಿಡ್ಕೊಂಡ ಹಾಗೆ ಆಗ್ಬಹುದು. ಅನ್ನನಾಳ ಪಕ್ಕದಲ್ಲೇ ಇರೋದ್ರಿಂದ ಒಂದೆರಡು ವಾರಕ್ಕೆ ನುಂಗೋವಾಗ ಉರಿ ಬರುತ್ತೆ, ಖಾರದ ಸಾರು ಬಿಟ್ಟು ಮೊಸರನ್ನ, ತಣ್ಣಗಿನ ರಾಗಿ ಗಂಜಿ ಕೊಡಿ. ಸುಸ್ತಂತೂ ಇದ್ದೇ ಇರುತ್ತೆ. ತಲೆಕೂದಲು ಇದರಿಂದ ಉದುರಲ್ಲ, ಹೊರಗಿಂದ ಕೊಡೋ ಕಿರಣ ಮೈಯಲ್ಲಿ ಉಳಿಯಲ್ಲ, ಮೊಮ್ಮಕ್ಕಳು ಧಾರಾಳವಾಗಿ ತಾತನ ಪಕ್ಕ ಮಲಗ್ಲಿ. ಬೀಡಿ ಮಾತ್ರ ಬಿಡಿಸಿ, ದಯವಿಟ್ಟು.

ಜೋರು ನೋವಿಗೆ ಕೊಡೋ ಮಾರ್ಫಿನ್ ಔಷಧಿ ಅಂದ್ರೆ ಹೆದರ್ಬೇಡಿ. 2014ರಲ್ಲಿ ಮಾದಕವಸ್ತು ಕಾನೂನಿಗೆ ತಿದ್ದುಪಡಿ ಆದ್ಮೇಲೆ ಆಸ್ಪತ್ರೆಗಳಿಗೆ ಅದನ್ನ ಇಟ್ಕೊಳ್ಳೋದು ಸುಲಭ ಆಗಿದೆ, ನೋವಿಗೆ ಅಂತ ಡಾಕ್ಟ್ರು ಹೇಳಿದಷ್ಟು ಕೊಟ್ರೆ ಚಟ ಹತ್ತುತ್ತೆ ಅನ್ನೋ ಭಯ ಬೇಡ. ಬೆಂಗಳೂರಲ್ಲಿ ಕರುಣಾಶ್ರಯ ಅನ್ನೋ ಆರೈಕೆ ಕೇಂದ್ರದವರು ಇಂಥ ರೋಗಿಗಳನ್ನ ಉಚಿತವಾಗಿ ನೋಡ್ಕೋತಾರೆ.

ಇನ್ನೊಂದು, ಮೂಳೆಗೆ ಹರಡಿದೆ ಅಂದಿದೀರಲ್ಲ, ಕಾಲು ಇದ್ದಕ್ಕಿದ್ದಂಗೆ ಸೋತು ಬಂದ್ರೆ, ಉಚ್ಚೆ ಕಟ್ಟಿದ್ರೆ, ಅಥವಾ ಮುಖ ಕುತ್ತಿಗೆ ಊದಿದ್ರೆ, ರಕ್ತ ಬಾಯ್ತುಂಬ ಬಂದ್ರೆ ನಾಳೆ ನೋಡೋಣ ಅನ್ಬೇಡಿ, ಅರ್ಧ ರಾತ್ರಿ ಆದ್ರೂ ಸರಿ ಹೊರಡಿ.