ಸಂಪಾದಕರ ಉತ್ತರ: ರೋಗ ಬರುವ ದಾರಿ, ರೋಗ ನಿಲ್ಲುವ ಮನೆ

ದಾವಣಗೆರೆ ಚೌಕಿಪೇಟೆಯ ಓದುಗರೊಬ್ಬರು ಹಿಂದಿನ ಸಂಚಿಕೆಯ ಪ್ಲೇಗ್ ಲೇಖನ ಓದಿ ಉದ್ದದ ಪತ್ರ ಬರೆದಿದ್ದಾರೆ. ಬಟ್ಟೆ ಅಂಗಡಿ ಇಟ್ಟವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

"ಕೊರೊನಾ ತಂದವರು ವಿಮಾನದಲ್ಲಿ ಬಂದ ದುಡ್ಡಿದ್ದವರು. ಅನುಭವಿಸಿದವರು ಬಡವರು. ಆದರೆ ಲೆಕ್ಕ ನೋಡಿದರೆ ಅಮೆರಿಕದಂಥ ಶ್ರೀಮಂತ ದೇಶದಲ್ಲೇ ಜಾಸ್ತಿ ಜನ ಸತ್ತರು. ಹಾಗಾದರೆ ದುಡ್ಡಿದ್ದರೆ ರೋಗ ಜಾಸ್ತಿಯೋ ಕಡಿಮೆಯೋ? ಮುಂದಿನ ಸಲ ವಿಮಾನ ನಿಲ್ಲಿಸಿಬಿಟ್ಟರೆ ಸಾಕಲ್ಲವೇ? ಇನ್ನೊಂದು ಮಾತು. ನನ್ನ ಅಂಗಡಿಯಲ್ಲಿ ನಾಲ್ಕು ಹುಡುಗರಿದ್ದಾರೆ. ಜ್ವರ ಬಂದರೆ ಮನೆಯಲ್ಲಿರಿ ಅಂದರೂ ಕೇಳುವುದಿಲ್ಲ, ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ. ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ."

ಸರ್, ಪತ್ರಕ್ಕೆ ಧನ್ಯವಾದ. ಒಂದೇ ಮಾತಲ್ಲಿ ಉತ್ತರ ಕೊಡಿ ಅಂತಲೂ ಕೇಳಿದ್ದೀರಿ. ಅದು ಆಗದ ಕೆಲಸ. ನೀವು ಒಂದು ಪ್ರಶ್ನೆ ಅಂದುಕೊಂಡಿರುವುದು ಎರಡು ಪ್ರಶ್ನೆ. ರೋಗ ಎಲ್ಲಿಗೆ ಮೊದಲು ಬರುತ್ತದೆ ಅನ್ನುವುದು ಒಂದು. ಬಂದಮೇಲೆ ಯಾರ ಮನೆಯಲ್ಲಿ ನಿಲ್ಲುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೀವು ಹೇಳಿದ್ದು ಬಹುಮಟ್ಟಿಗೆ ಸರಿ. ವ್ಯಾಪಾರ, ಓಡಾಟ ಎಲ್ಲಿ ಜಾಸ್ತಿಯೋ ಅಲ್ಲಿಗೇ ಮೊದಲು.

2020ರ ಫೆಬ್ರವರಿಯಲ್ಲಿ ಇಟಲಿಯಲ್ಲಿ ಕೊರೊನಾ ಮೊದಲು ಸ್ಫೋಟಿಸಿದ್ದು ಬಡ ದಕ್ಷಿಣದಲ್ಲಲ್ಲ, ಆ ದೇಶದ ಕಾರ್ಖಾನೆ, ಬ್ಯಾಂಕುಗಳಿರುವ ಲೊಂಬಾರ್ಡಿಯಲ್ಲಿ. ಆಸ್ಟ್ರಿಯಾದ ಇಷ್ಗಲ್ ಅನ್ನುವ ಪುಟ್ಟ ಊರಿಗೆ ಹಿಮದ ಮೇಲೆ ಜಾರುವ ಆಟಕ್ಕೆ ಬಂದವರು ರೋಗವನ್ನು ಯುರೋಪಿನ ಹಲವು ದೇಶಗಳಿಗೆ ಹೊತ್ತೊಯ್ದರು. ಭಾರತದ ಮೊದಲ ಪ್ರಕರಣ ವುಹಾನ್‌ನಲ್ಲಿ ಓದುತ್ತಿದ್ದ ಕೇರಳದ ವಿದ್ಯಾರ್ಥಿನಿ, 2020ರ ಜನವರಿ 30. ಕರ್ನಾಟಕದ ಮೊದಲ ಪ್ರಕರಣ ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿ.

ಇದು ಹೊಸದೂ ಅಲ್ಲ. 1347ರಲ್ಲಿ ಸಿಸಿಲಿಯ ಮೆಸಿನಾ ಬಂದರಿಗೆ ಪ್ಲೇಗ್ ಬಂದಿದ್ದು ಜಿನೋವಾ ವರ್ತಕರ ಹಡಗುಗಳಲ್ಲಿ. 1896ರಲ್ಲಿ ಬೊಂಬಾಯಿಯಲ್ಲಿ ಮೊದಲು ಕಾಣಿಸಿದ್ದು ಬಂದರಿನ ಪಕ್ಕದ ಮಾಂಡ್ವಿಯಲ್ಲಿ. ಅಲ್ಲಿದ್ದದ್ದು ಕಾಳಿನ ಗೋದಾಮು. ಕಾಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಪ್ಲೇಗ್ ಹರಡುವ ಚಿಗಟ. 1898ರ ಆಗಸ್ಟ್‌ನಲ್ಲಿ ಅದು ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರು ತಲುಪಿತು. ಆ ರೈಲು ದಾರಿ ಹರಿಹರ, ದಾವಣಗೆರೆ ಮೇಲೇ ಹಾಯುತ್ತದೆ. ನಮ್ಮೂರಿಗೆ ಹತ್ತಿ, ಕಾಳು, ವರ್ತಕರು, ಆಮೇಲೆ ಮಿಲ್ಲುಗಳು, 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನುವ ಹೆಸರು, ಎಲ್ಲವೂ ಬಂದಿದ್ದರಲ್ಲಿ ಆ ಹಳಿಯ ಪಾಲು ದೊಡ್ಡದು. ಹಳಿ ಬೇಡ ಅಂತ ಚೌಕಿಪೇಟೆಯವರು ಯಾರಾದರೂ ಹೇಳುತ್ತಾರಾ?

ಹಾಗಂತ ವಿಮಾನ ಹತ್ತಿದವರೆಲ್ಲ ಶ್ರೀಮಂತರು ಅಂದುಕೊಳ್ಳಬೇಡಿ. ನಮ್ಮದೇ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. 2023ರಲ್ಲಿ ಸುಡಾನ್ ಕಾಳಗದಲ್ಲಿ ಅವರು ಸಿಕ್ಕಿಬಿದ್ದಿದ್ದನ್ನು ನೀವೂ ಪೇಪರಲ್ಲಿ ಓದಿರುತ್ತೀರಿ. ದಾರಿ ಇದ್ದಲ್ಲಿ ರೋಗ ನಡೆಯುತ್ತದೆ. ಆ ದಾರಿಯಲ್ಲಿ ಶೆಟ್ಟರೂ ಇರುತ್ತಾರೆ, ಹೊಟ್ಟೆಪಾಡಿನವರೂ ಇರುತ್ತಾರೆ.

ಈಗ ಎರಡನೇ ಪ್ರಶ್ನೆ. ಬಂದ ರೋಗ ಎಲ್ಲಿ ನಿಲ್ಲುತ್ತದೆ? ಇದಕ್ಕೆ ನನ್ನ ಮಾತಿಗಿಂತ ಬೊಂಬಾಯಿಯ ಎರಡು ಲೆಕ್ಕ ನೋಡಿ. ನಡುವೆ ನೂರು ವರ್ಷ ಇದೆ.

1918ರ ಇನ್‌ಫ್ಲುಯೆಂಜಾದಲ್ಲಿ ಆ ನಗರದ ಆರೋಗ್ಯಾಧಿಕಾರಿ ಜಾತಿ, ಸಮುದಾಯದ ಪ್ರಕಾರ ಸಾವು ಎಣಿಸಿದ್ದ. ಯುರೋಪಿಯನ್ನರಲ್ಲಿ ಸಾವಿರಕ್ಕೆ 8.3. ಪಾರ್ಸಿಗಳಲ್ಲಿ 9. 'ಕೆಳಜಾತಿ ಹಿಂದೂಗಳು' ಅಂತ ಅವನು ಬರೆದವರಲ್ಲಿ 61.6. ವೈರಸ್ ಒಂದೇ. ಆಗ ಅದಕ್ಕೆ ಔಷಧ ಯಾರ ಬಳಿಯೂ ಇರಲಿಲ್ಲ, ಬ್ರಿಟಿಷ್ ಡಾಕ್ಟರ ಬಳಿಯೂ ಇರಲಿಲ್ಲ. ಹಾಗಿದ್ದರೂ ಏಳು ಪಟ್ಟು ವ್ಯತ್ಯಾಸ. ಮಳೆ ಕೈಕೊಟ್ಟ ವರ್ಷ ಅದು, ಕಾಳಿನ ಬೆಲೆ ಏರಿತ್ತು. ಅರೆಹೊಟ್ಟೆ, ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಮಲಗಿದವರಿಗೆ ಗಂಜಿ ಕೊಡಲು ಎದ್ದು ನಿಲ್ಲುವ ಇನ್ನೊಬ್ಬರಿಲ್ಲ. ದೇಶದ ತುಂಬ ಆದ ಅಂಥ ಸಾವುಗಳ ದೆಸೆಯಿಂದ 1911ರಿಂದ 1921ರ ಹತ್ತು ವರ್ಷದಲ್ಲಿ ಭಾರತದ ಜನಸಂಖ್ಯೆ ಇಳಿಯಿತು. ನಮ್ಮ ಜನಗಣತಿಯ ಚರಿತ್ರೆಯಲ್ಲಿ ಹಾಗಾಗಿದ್ದು ಅದೊಂದೇ ದಶಕ.

ಎರಡನೇ ಲೆಕ್ಕ 2020ರ ಜುಲೈನದು. ಮುಂಬೈನ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿ ಯಾರಿಗೆಲ್ಲ ಆಗಲೇ ಕೊರೊನಾ ಬಂದು ಹೋಗಿದೆ ಅಂತ ನೋಡಿದರು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನ. ಅದೇ ವಾರ್ಡುಗಳ ಬೇರೆ ಮನೆಗಳಲ್ಲಿ 16. ವಿಮಾನದಲ್ಲಿ ಬಂದ ರೋಗ ನಾಲ್ಕೇ ತಿಂಗಳಲ್ಲಿ ವಿಳಾಸ ಬದಲಿಸಿತ್ತು. ದುಡ್ಡಿದ್ದವರು ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತರು. ಸಾಮೂಹಿಕ ಶೌಚಾಲಯದ ಮುಂದೆ ಸಾಲು ನಿಲ್ಲುವವರು ಎಲ್ಲಿ ಕೂರಬೇಕು? ನಮ್ಮೂರ ಮಂಡಕ್ಕಿ ಭಟ್ಟಿಯ ಕೆಲಸವನ್ನು ಮನೆಯಿಂದ ಮಾಡಲು ಆಗುತ್ತದೆಯೇ?

ಸಿಂಗಪುರ ನಮಗಿಂತ ಎಷ್ಟೋ ಪಟ್ಟು ಶ್ರೀಮಂತ ಊರು. ಅಲ್ಲೂ 2020ರಲ್ಲಿ ಸೋಂಕು ತುಂಬಿದ್ದು ಹೊರದೇಶದ ಕೂಲಿಗಳನ್ನು ಒತ್ತೊತ್ತಾಗಿ ಮಲಗಿಸಿದ್ದ ಹಾಸ್ಟೆಲುಗಳಲ್ಲಿ. ಆ ವರ್ಷ ಮುಗಿಯುವಷ್ಟರಲ್ಲಿ ಅಲ್ಲಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಬಂದುಹೋಗಿತ್ತು.

ಇನ್ನು ನಿಮ್ಮ ಅಮೆರಿಕದ ಮಾತು. ಅಲ್ಲಿ ಲೆಕ್ಕಕ್ಕೆ ಸಿಕ್ಕ ಸಾವು 11 ಲಕ್ಷ ದಾಟಿದೆ, ನಿಜ. ಆದರೆ ಈ ಹೋಲಿಕೆಯಲ್ಲಿ ಎರಡು ತೊಡಕಿವೆ. ಶ್ರೀಮಂತ ದೇಶಗಳಲ್ಲಿ ಮುದುಕರು ಜಾಸ್ತಿ, ಕೊರೊನಾ ಹೆಚ್ಚು ಕೊಂದಿದ್ದು ಮುದುಕರನ್ನು. ಮತ್ತೆ, ಅಲ್ಲಿ ಸಾವು ಕಾಗದಕ್ಕೆ ಬರುತ್ತದೆ. ನಮ್ಮಲ್ಲಿ 2020 ಮತ್ತು 2021ರ ಸರ್ಕಾರಿ ಲೆಕ್ಕ ಸುಮಾರು 4.8 ಲಕ್ಷ. ಅದೇ ಎರಡು ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ನಮ್ಮ ಸರ್ಕಾರ ಅದನ್ನು ಒಪ್ಪಿಲ್ಲ. ನೀವು ಯಾವುದನ್ನೇ ನಂಬಿ, ದೇಶ ದೇಶದ ಪಟ್ಟಿ ಇಟ್ಟುಕೊಂಡು ತೀರ್ಪು ಕೊಡುವಾಗ ಸ್ವಲ್ಪ ತಡೆಯಬೇಕು.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. 2019ರ ಅಕ್ಟೋಬರ್‌ನಲ್ಲಿ ತಜ್ಞರು ಯಾವ ದೇಶ ಇಂಥ ರೋಗಕ್ಕೆ ಎಷ್ಟು ಸಿದ್ಧವಾಗಿದೆ ಅಂತ ಅಂಕ ಕೊಟ್ಟಿದ್ದರು. ಅಮೆರಿಕ ಮೊದಲು, ಬ್ರಿಟನ್ ಎರಡನೆಯದು. ಕೆಲವೇ ತಿಂಗಳಲ್ಲಿ ಎರಡೂ ಕಡೆ ಹೆಣ ಇಡಲು ಜಾಗ ಸಾಲದಾಯಿತು. ಸುಮಾರು ಒಂಬತ್ತೂವರೆ ಕೋಟಿ ಜನರ ವಿಯೆಟ್ನಾಂ, ಅಷ್ಟೇನೂ ದುಡ್ಡಿಲ್ಲದ ದೇಶ, 2020 ಮುಗಿಯುವಾಗ ಎಣಿಸಿದ ಸಾವು 35. ಸೋಂಕಿತರನ್ನು, ಅವರನ್ನು ಮುಟ್ಟಿದವರನ್ನು ಬೇಗ ಹುಡುಕಿ ಬೇರೆ ಇಟ್ಟಿದ್ದರು. (ಮರುವರ್ಷ ಕೊರೊನಾದ ಡೆಲ್ಟಾ ತಳಿ ಬಂದಾಗ ಲಸಿಕೆ ಸಾಲದೆ ಅವರೂ ಸಾವಿರಾರು ಜನರನ್ನು ಕಳೆದುಕೊಂಡರು. ಲಸಿಕೆ ವಿಷಯದಲ್ಲಿ ದುಡ್ಡೇ ದೊಡ್ಡಪ್ಪ. 2021ರ ಕೊನೆಗೆ ಶ್ರೀಮಂತರು ಮೂರನೇ ಡೋಸ್ ಚುಚ್ಚಿಸಿಕೊಳ್ಳುತ್ತಿದ್ದಾಗ ಆಫ್ರಿಕಾದಲ್ಲಿ ನೂರಕ್ಕೆ ಹತ್ತು ಜನಕ್ಕೂ ಎರಡು ಡೋಸ್ ಆಗಿರಲಿಲ್ಲ.)

ದುಡ್ಡಿದ್ದೂ ಕೆಟ್ಟ ಊರಿನ ಕಥೆ ಅಂದರೆ ನನಗೆ ಮೊದಲು ನೆನಪಾಗುವುದು ಹ್ಯಾಂಬರ್ಗ್. ಸ್ವಲ್ಪ ವಿವರವಾಗಿ ಹೇಳುತ್ತೇನೆ, ನೀವು ವರ್ತಕರು, ನಿಮಗೆ ಆಸಕ್ತಿ ಇರಬಹುದು.

ಜರ್ಮನಿಯ ಈ ದೊಡ್ಡ ಬಂದರನ್ನು ಆಳುತ್ತಿದ್ದವರು ವರ್ತಕರೇ. ಎಲ್ಬೆ ನದಿಯ ನೀರನ್ನು ಸೋಸದೆ ನಲ್ಲಿಗೆ ಬಿಡುತ್ತಿದ್ದರು. ಮರಳಿನ ಮೂಲಕ ಸೋಸುವ ವ್ಯವಸ್ಥೆ ಬೇಕು ಅನ್ನುವ ಚರ್ಚೆ ವರ್ಷಗಟ್ಟಲೆ ನಡೆಯಿತು, ಖರ್ಚು ಯಾರ ತಲೆಗೆ ಅನ್ನುವಲ್ಲಿ ನಿಂತಿತು. ಪಕ್ಕಕ್ಕೇ ಅಂಟಿಕೊಂಡ ಆಲ್ಟೋನಾ ಕೂಲಿಕಾರರ ಊರು. ಅದು ನದಿಯ ಕೆಳಗಡೆ, ಅಂದರೆ ಹ್ಯಾಂಬರ್ಗ್‌ನ ಕೊಳಚೆಯೆಲ್ಲ ಸೇರಿದ ಮೇಲಿನ ನೀರನ್ನು ಎತ್ತುತ್ತಿತ್ತು. ಆದರೆ ಸೋಸಿ ಕೊಡುತ್ತಿತ್ತು. 1892ರ ಆಗಸ್ಟ್‌ನಲ್ಲಿ ಕಾಲರಾ ಬಂತು. ಹ್ಯಾಂಬರ್ಗ್‌ನಲ್ಲಿ ಸುಮಾರು 8,600 ಜನ ಸತ್ತರು. ಆಲ್ಟೋನಾಗೆ ಹೆಚ್ಚೇನೂ ಆಗಲಿಲ್ಲ. ಎರಡೂ ಊರಿನ ಗಡಿ ಹಾಯುವ ಬೀದಿಯಲ್ಲಿ ಒಂದು ಬದಿಗೆ ಕಾಲರಾ ಇತ್ತು, ಇನ್ನೊಂದು ಬದಿಗೆ ಇರಲಿಲ್ಲ. ನಲ್ಲಿ ಬೇರೆ, ಅಷ್ಟೇ.

ಇದಕ್ಕಿಂತ ಸಿಟ್ಟು ಬರಿಸುವ ವಿಷಯ ಬೇರೆ ಇದೆ. ಊರಿನ ಅಧಿಕಾರಿಗಳು ಕಾಲರಾ ಬಂದಿದೆ ಅಂತ ಹೇಳಲು ದಿನ ತಳ್ಳಿದರು. ಹೇಳಿದರೆ ಬಂದರಿನ ವ್ಯಾಪಾರ ನಿಲ್ಲುತ್ತದಲ್ಲ. ಅಷ್ಟರಲ್ಲಿ ವಲಸಿಗರನ್ನು ತುಂಬಿಕೊಂಡ ಹಡಗು ನ್ಯೂಯಾರ್ಕಿಗೆ ಹೊರಟು, ಕಾಲರಾವನ್ನೂ ಜೊತೆಗೆ ಒಯ್ದಿತು. ಹ್ಯಾಂಬರ್ಗ್ ಒಳಗೂ ಜಾಸ್ತಿ ಸತ್ತವರು ಕಡಿಮೆ ಸಂಪಾದನೆಯವರೇ. ದೊಡ್ಡ ಮನೆಗಳಲ್ಲಿ ನೀರು ಕಾಯಿಸಿ ಕೊಡಲು ಆಳುಗಳಿದ್ದರು.

ಹಾಗಾಗಿ ಖಜಾನೆಯಲ್ಲಿ ಎಷ್ಟಿದೆ ಅನ್ನುವುದರಿಂದ ಊರು ಉಳಿಯುವುದಿಲ್ಲ. ರೋಗ ಬರುವ ಮೊದಲೇ ಆ ದುಡ್ಡು ನೀರಿಗೆ, ಮನೆಗೆ, ಕೂಲಿಗೆ ಇಳಿದಿರಬೇಕು. ಬೆಂಗಳೂರಲ್ಲಿ ಪ್ಲೇಗ್ ಆದಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವು, ಅಗಲ ರಸ್ತೆ, ಗಾಳಿ ಬೆಳಕಿನ ಮನೆ. ಒಳ್ಳೆಯದೇ. ಆದರೆ ಸೈಟು ಕೊಳ್ಳಲು ಆದವರು ಅಲ್ಲಿಗೆ ಹೋದರು, ಆಗದವರು ಪೇಟೆಯ ಗಲ್ಲಿಗಳಲ್ಲೇ ಉಳಿದರು.

ವಿಮಾನ ನಿಲ್ಲಿಸಿದರೆ ಸಾಕಾ? ಬೇಗ ನಿಲ್ಲಿಸಿದರೆ ಒಂದಿಷ್ಟು ದಿನ ಸಿಗುತ್ತದೆ, ಅದು ದೊಡ್ಡದೇ. ತಡೆಯುತ್ತದೆ ಅಂತ ಮಾತ್ರ ನಂಬಬೇಡಿ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಕೊರೊನಾದ ಹೊಸ ತಳಿ ಒಮಿಕ್ರಾನ್‌ನ ಸುದ್ದಿ ಕೊಟ್ಟಾಗ ಶ್ರೀಮಂತ ದೇಶಗಳು ಅಲ್ಲಿಂದ ಬರುವ ವಿಮಾನ ನಿಲ್ಲಿಸಿದವು. ಆಮೇಲೆ ನೋಡಿದರೆ ನೆದರ್‌ಲೆಂಡ್ಸ್‌ನಲ್ಲಿ ನವೆಂಬರ್ 19ರಂದು ತೆಗೆದ ಮಾದರಿಯಲ್ಲೇ ಅದು ಇತ್ತು. ಪ್ರಾಮಾಣಿಕವಾಗಿ ಹೇಳಿದ ದೇಶಕ್ಕೆ ಸಿಕ್ಕ ಬಹುಮಾನ ಅದು. ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ?

ಕೊನೆಗೆ ನಿಮ್ಮ ಅಂಗಡಿ ಹುಡುಗರ ವಿಷಯ. ಇಲ್ಲಿ ನಾನು ನಿಮ್ಮನ್ನು ಒಪ್ಪುವುದಿಲ್ಲ ಸರ್. ಅವರಿಗೆ ತಿಳಿವಳಿಕೆ ಇದೆ, ಲೆಕ್ಕ ಇನ್ನೂ ಚೆನ್ನಾಗಿ ಗೊತ್ತಿದೆ. ಮೂರು ದಿನ ಮಲಗಿದರೆ ಮೂರು ದಿನದ ಕೂಲಿ ಹೋಗುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಅಷ್ಟು ದುಡ್ಡಿರುವ ಅಮೆರಿಕದಲ್ಲೂ ಖಾಯಿಲೆ ಬಿದ್ದವರಿಗೆ ಸಂಬಳದ ರಜೆ ಕೊಡಲೇಬೇಕು ಅನ್ನುವ ದೇಶವ್ಯಾಪಿ ಕಾನೂನು ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಗಡಿಬಿಡಿಯಿಂದ ಎರಡು ವಾರದ ರಜೆಗೆ ತಾತ್ಕಾಲಿಕ ಕಾನೂನು ಮಾಡಿದರು. ನಮ್ಮಲ್ಲಿ ಇಎಸ್‌ಐ ಅನ್ನುವ ನೌಕರರ ಸರ್ಕಾರಿ ವಿಮೆ ಇದೆ. ಅದರಲ್ಲಿ ಖಾಯಿಲೆ ದಿನಗಳಿಗೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಅದು ಕಡ್ಡಾಯವಾಗಿರುವುದು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ. ನಿಮ್ಮ ಅಂಗಡಿಯಲ್ಲಿ ನಾಲ್ಕೇ ಜನ. ಅಂದರೆ ಆ ನಾಲ್ವರ ಜ್ವರದ ಕೂಲಿ ಕೊಡಬೇಕಾದವರು ನೀವೇ. ಅದನ್ನು ಕೊಡುತ್ತೀರೋ ಇಲ್ಲವೋ, ನಾಲ್ಕು ಪುಟದ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಬರೆದು ಕಳಿಸಿ, ಅಕ್ಕಪಕ್ಕದ ಅಂಗಡಿಯವರನ್ನೂ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಹಾಕುತ್ತೇವೆ, ಹೆಸರಿಲ್ಲದೆ.

— ಸಂಪಾದಕ